ಗಿಟಾರ್ ಮಾರೋ ಮುಂಚೆ ಒಂದ್ಸಲ ಸೆಟ್ ಮಾಡಿ ನೋಡಿ

1/8

ಸೆಮಿಸ್ಟರ್ ಮುಗಿದಾಗೆಲ್ಲ ಸ್ಟೋರಿಗಳಲ್ಲಿ ಒಂದು ಫೋಟೋ ಬರೋದು ಗ್ಯಾರಂಟಿ. ಮಂಚದ ಮೇಲೆ ಮಲಗಿಸಿದ ಎಲೆಕ್ಟ್ರಿಕ್ ಗಿಟಾರ್, ಪಕ್ಕದಲ್ಲಿ ಬ್ಯಾಗು, ಕೇಬಲ್ಲು, ಒಂದು ಪುಟ್ಟ ಆಂಪ್. ಮೇಲೆ ಬರಹ: "ಫಾರ್ ಸೇಲ್. ಒಂದೇ ವರ್ಷ ಯೂಸ್ ಮಾಡಿದ್ದು. ಸ್ಕ್ರ್ಯಾಚ್ ಇಲ್ಲ."

ಸ್ಕ್ರ್ಯಾಚ್ ಎಲ್ಲಿಂದ ಬರುತ್ತೆ, ನುಡಿಸಿದ್ರೆ ತಾನೇ? 😅

ಯಾಕ್ ಮಾರ್ತಿದ್ದೀಯ ಅಂತ ಕೇಳಿದ್ರೆ ಉತ್ತರ ಮೂರೇ ಥರ. "ಬೆರಳು ಉರಿಯುತ್ತೆ ಗುರು." "ಎಷ್ಟು ಟ್ಯೂನ್ ಮಾಡಿದ್ರೂ ಅಪಸ್ವರಾನೇ ಬರುತ್ತೆ." ಇನ್ನು ಮೂರನೇದು, ನನಗೆ ಜಾಸ್ತಿ ಬೇಜಾರು ಮಾಡೋದು: "ಇದೆಲ್ಲ ನಮ್ಮಂಥೋರಿಗಲ್ಲ ಬಿಡು, ಸಿಟಿಯವರಿಗೆ."

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮೊದಲ ಎರಡು ದೂರು ಬಹಳಷ್ಟು ಸಲ ಗಿಟಾರ್ ಸೆಟ್ಟಿಂಗ್ ಸಮಸ್ಯೆ. ಮೂರನೇದು ಆ ಎರಡರಿಂದ ಹುಟ್ಟಿದ ಸುಳ್ಳು.

ಇದರಲ್ಲಿ ಹೋಗೋದು ಬರೀ ಗಿಟಾರ್ ಅಲ್ಲ. ನಮ್ಮ ಆವತಿ, ದೇವನಹಳ್ಳಿ, ವಿಜಯಪುರ ಕಡೆ ಮನೆಗಳಲ್ಲಿ ಹತ್ತು ಸಾವಿರ ಕೇಳಿ ಗಿಟಾರ್ ತಗೋಳೋದು ಸಣ್ಣ ಮಾತಲ್ಲ. ಹಾಲಿನ ದುಡ್ಡೋ, ರೇಷ್ಮೆಗೂಡು ಮಾರಿದ ದುಡ್ಡೋ ಇರುತ್ತೆ. ಅದನ್ನ ನೀವು ವರ್ಷದಲ್ಲಿ ನಾಲ್ಕು ಸಾವಿರಕ್ಕೆ ಮಾರಿದ್ರೆ, ಮುಂದೆ ಕ್ಯಾಮೆರಾ ಕೇಳಿ, ಕೋರ್ಸ್ ಫೀಸ್ ಕೇಳಿ, ಒಂದೇ ಡೈಲಾಗ್ ಬರುತ್ತೆ: "ಆ ಗಿಟಾರ್ ಕಥೆ ಏನಾಯ್ತು ಗೊತ್ತಲ್ಲ." ನಿಮ್ಮ ತಂಗಿ ಏನಾದ್ರೂ ಕೇಳಿದ್ರೆ ಅವಳಿಗೂ ಅದೇ ಡೈಲಾಗ್.

ಅದಕ್ಕೇ ಈ ಎಂಟು ಪೋಸ್ಟ್. ಮಾರೋರು ಮಾರಿ, ನಾನು ಬೇಡ ಅನ್ನಲ್ಲ. ಆದ್ರೆ ಮಾರೋ ಮುಂಚೆ ಒಂದು ಭಾನುವಾರ ಅದಕ್ಕೆ ಕೊಡಿ.

2/8

ನಮ್ಮೂರ ಜಾತ್ರೇಲಿ ತಮಟೆ ಬಾರಿಸೋರನ್ನ ನೋಡಿದ್ದೀರಲ್ಲ? ಶುರು ಮಾಡೋ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸ್ತಾರೆ. ಚರ್ಮ ಬಿಗಿಯಾಗಿ ಕಣಕಣ ಅನ್ನೋವರೆಗೆ ಕೋಲು ಎತ್ತಲ್ಲ. ಮಧ್ಯದಲ್ಲಿ ಸದ್ದು ಇಳಿದ್ರೆ ಮತ್ತೆ ಬೆಂಕಿ ಹತ್ರ ಹೋಗ್ತಾರೆ. ಮೃದಂಗದವರು ಕಚೇರಿಗೆ ಮುಂಚೆ ಎಡಗಡೆ ರವೆ ಕಲಸಿ ಅಂಟಿಸ್ತಾರೆ. ತಂಬೂರಿ ಇಟ್ಟುಕೊಂಡವರು ಕುದುರೆ ಮೇಲೆ ತಂತಿ ಕೆಳಗೆ ಒಂದು ಎಳೆ ದಾರ ಇಟ್ಟು, ಕೂದಲಷ್ಟು ಆಕಡೆ ಈಕಡೆ ಸರಿಸಿ, ಸ್ವರ ತುಂಬಿ ಬರೋ ಜಾಗ ಹುಡುಕ್ತಾರೆ. ಆ ದಾರಕ್ಕೆ ಹೆಸರೇ "ಜೀವ".

ಅಂದ್ರೆ ನಮ್ಮಲ್ಲಿ ವಾದ್ಯ ಹದ ಮಾಡೋದು ನುಡಿಸೋದರ ಭಾಗ. ಅದಕ್ಕೆ ಬೇರೆ ಯಾರೋ ಬರಬೇಕು ಅಂತ ತಮಟೆಯವರು ಕಾಯ್ತಾ ಕೂರಲ್ಲ.

ನಾವು ಮಾತ್ರ ಎಲೆಕ್ಟ್ರಿಕ್ ಗಿಟಾರನ್ನ ಡಬ್ಬದಿಂದ ತೆಗೆದು, ಆ್ಯಪ್‌ನಲ್ಲಿ ಟ್ಯೂನ್ ಮಾಡಿ, ಸೀದಾ ಹಾಡಿಗೆ ಹೋಗ್ತೀವಿ. ಸ್ವಲ್ಪ ಯೋಚನೆ ಮಾಡಿ. 9-42 ಸೆಟ್ ಸ್ಟ್ರಿಂಗ್ ಹಾಕಿ ಮಾಮೂಲಿ ಟ್ಯೂನಿಂಗ್‌ಗೆ ತಂದ್ರೆ ಆರೂ ತಂತಿ ಸೇರಿ ನೆಕ್ ಮೇಲೆ ಸುಮಾರು 38 ಕೆಜಿ ಎಳೆತ. 10-46 ಹಾಕಿದ್ರೆ ಸುಮಾರು 46 ಕೆಜಿ. ಒಂದು ಸಿಮೆಂಟ್ ಮೂಟೆ ತೂಕದ ಹತ್ರ. ಅಷ್ಟು ಎಳೆತ ತಡೀತಿರೋದು ಒಂದು ತೆಳ್ಳನೆ ಮರ, ಅದರೊಳಗೆ ಒಂದು ಕಬ್ಬಿಣದ ಸರಳು. ಈ ಮರ ಎಲ್ಲೋ ತಯಾರಾಗಿ, ಕಂಟೇನರ್‌ನಲ್ಲಿ ಕೂತು, ಗೋಡೌನ್‌ನಲ್ಲಿ ಬೆಂದು, ಡೆಲಿವರಿ ಬೈಕಲ್ಲಿ ಕುಣಿದು ನಿಮ್ಮ ಮನೆಗೆ ಬಂದಿದೆ. ಫ್ಯಾಕ್ಟರಿಯಲ್ಲಿ ಇದ್ದ ಹಾಗೇ ಇರಬೇಕು ಅಂದ್ರೆ ಹೇಗೆ?

ಆ ಸರಳಿಗೆ ಟ್ರಸ್ ರಾಡ್ ಅಂತಾರೆ. ತಿರುಗಿಸಿ ಹೊಂದಿಸೋ ಥರದ್ದಕ್ಕೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅನ್ನೋರು 1921ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ರು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಆರು ತಂತಿಗೆ ಆರು ಬೇರೆ ಸ್ಯಾಡಲ್, ಒಂದೊಂದನ್ನೂ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಬಹುದು. ಅದನ್ನ ಮಾಡಿದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು. ಅವರಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ! ಆ ಸ್ಕ್ರೂಗಳು ಅಲಂಕಾರಕ್ಕೆ ಇಟ್ಟಿದ್ದಲ್ಲ. ತಿರುಗಿಸಲಿ ಅಂತಾನೇ ಇಟ್ಟಿದ್ದು.

3/8

ಬಿಕಾಂನವರು ಇಲ್ಲಿ ಗಮನ ಕೊಡಿ. 📒

ಫಸ್ಟ್ ಸೆಮ್‌ನಲ್ಲಿ ಓದಿದ್ದು ನೆನಪಿದೆಯಾ? ಮೆಷಿನ್ ತಂದಾಗ ಅದನ್ನ ಇನ್‌ಸ್ಟಾಲ್ ಮಾಡೋ ಖರ್ಚು ಎಲ್ಲಿಗೆ ಹೋಗುತ್ತೆ? ರಿಪೇರಿ ಅಕೌಂಟ್‌ಗಲ್ಲ, ಮೆಷಿನರಿ ಅಕೌಂಟ್‌ಗೇ ಡೆಬಿಟ್. ಯಾಕಂದ್ರೆ ಆಸ್ತಿ ಕೆಲಸ ಮಾಡೋ ಸ್ಥಿತಿಗೆ ಬರೋವರೆಗಿನ ಖರ್ಚೆಲ್ಲ ಆಸ್ತಿಯ ಬೆಲೆಯೇ.

ಗಿಟಾರ್‌ಗೂ ಅದೇ ಲೆಕ್ಕ. ಮೊದಲ ಸೆಟಪ್ ಅನ್ನೋದು ಗಿಟಾರ್ ಬೆಲೆಯೊಳಗೇ ಸೇರಬೇಕು. ಹತ್ತು ಸಾವಿರ ಇದ್ರೆ ಹತ್ತು ಸಾವಿರದ ಗಿಟಾರ್ ತಗೋಬೇಡಿ. ಒಂಬತ್ತರದ್ದು ತಗೊಂಡು ಉಳಿದಿದ್ದರಲ್ಲಿ ಸ್ಟ್ರಿಂಗ್, ಟೂಲ್ ತಗೊಳ್ಳಿ. ಸೆಟ್ ಮಾಡಿದ ಒಂಬತ್ತು ಸಾವಿರದ ಗಿಟಾರ್, ಸೆಟ್ ಮಾಡದ ಇಪ್ಪತ್ತು ಸಾವಿರದ್ದಕ್ಕಿಂತ ಕೈಗೆ ಹಿತವಾಗಿರುತ್ತೆ. ಇದು ನನ್ನ ಅಭಿಪ್ರಾಯ, ಕಾಮೆಂಟ್‌ನಲ್ಲಿ ಜಗಳ ಆಡೋರು ಆಡಿ.

ಬೇಕಾಗಿರೋದು ಇಷ್ಟೇ:

🔧 ಮಿಲಿಮೀಟರ್ ಅಲೆನ್ ಕೀ ಸೆಟ್. 1.5 ಮಿಮೀನಂಥ ಸಣ್ಣ ಸೈಜೂ ಇರಲಿ. ಅಮೆರಿಕದಲ್ಲಿ ತಯಾರಾದ ಗಿಟಾರ್ ಆಗಿದ್ರೆ ಇಂಚಿನ ಸೈಜ್ ಬೇಕಾಗಬಹುದು.
🔧 ಸ್ಟಾರ್ ಸ್ಕ್ರೂಡ್ರೈವರ್, ಚಿಕ್ಕದು, ಮಧ್ಯಮದ್ದು.
🔧 ಅರ್ಧ ಮಿಲಿಮೀಟರ್ ಗೆರೆ ಇರೋ ಸ್ಟೀಲ್ ಸ್ಕೇಲ್.
🔧 ಫೀಲರ್ ಗೇಜ್.
🔧 ಹೊಸ ಸ್ಟ್ರಿಂಗ್ ಸೆಟ್, ಕ್ಯಾಪೋ, ಫೋನಲ್ಲಿ ಟ್ಯೂನರ್.

ಫೀಲರ್ ಗೇಜ್ ಅಂದ ತಕ್ಷಣ ಗಾಬರಿ ಬೇಡ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋವಾಗ ತೆಳ್ಳನೆ ಸ್ಟೀಲ್ ಪಟ್ಟಿಗಳನ್ನ ಒಳಗೆ ತೂರಿಸ್ತಾರಲ್ಲ, ಅದೇ. ಹೈವೇ ಪಕ್ಕ ಆಟೋಮೊಬೈಲ್ ಸ್ಪೇರ್ಸ್ ಅಂಗಡೀಲಿ ಸಿಗುತ್ತೆ. ಅದೂ ಇಲ್ಲ ಅಂದ್ರೆ ಜೆರಾಕ್ಸ್ ಪೇಪರ್ ಇದೆ. ಒಂದು ಹಾಳೆ ಸುಮಾರು 0.1 ಮಿಮೀ ದಪ್ಪ. ಎರಡು ಹಾಳೆ 0.2, ಮೂರು ಹಾಳೆ 0.3. ನಿಮ್ಮ ಹಳೇ ಅಸೈನ್‌ಮೆಂಟ್ ಕೊನೆಗೂ ಒಂದು ಕೆಲಸಕ್ಕೆ ಬರುತ್ತೆ.

4/8

ಈಗ ಕೆಲಸ. ಒಂದೇ ನಿಯಮ: ಕ್ರಮ ತಪ್ಪಿಸಬೇಡಿ. ಹೊಸ ಸ್ಟ್ರಿಂಗ್, ಟ್ಯೂನಿಂಗ್, ನೆಕ್, ಎತ್ತರ, ಇಂಟೊನೇಷನ್, ಕೊನೆಗೆ ಪಿಕಪ್. ಒಂದನ್ನ ಬದಲಾಯಿಸಿದ್ರೆ ಅದರ ಮುಂದಿನದ್ದೆಲ್ಲ ಅಲ್ಲಾಡುತ್ತೆ. ಹಿಂದುಮುಂದು ಮಾಡಿದ್ರೆ ಇಡೀ ದಿನ ಒಂದೇ ಕಡೆ ಸುತ್ತುತ್ತಾ ಇರ್ತೀರಿ.

ಮೊದಲು ನೆಕ್. ನೆಕ್ ಪೂರ್ತಿ ನೇರ ಇರಬೇಕು ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಇಲ್ಲ. ಸ್ಟ್ರಿಂಗ್ ಕಡೆಗೆ ಕಣ್ಣಿಗೆ ಕಾಣದಷ್ಟು ಬಾಗಿರಬೇಕು, ಕಂಪಿಸೋ ತಂತಿಗೆ ಅಷ್ಟು ಜಾಗ ಬೇಕು. ಅದಕ್ಕೆ ರಿಲೀಫ್ ಅಂತಾರೆ.

ನೋಡೋದು ಹೀಗೆ. ನುಡಿಸೋ ಥರಾನೇ ಗಿಟಾರ್ ಹಿಡ್ಕೊಳ್ಳಿ. ಮೊದಲ ಫ್ರೆಟ್‌ಗೆ ಕ್ಯಾಪೋ ಹಾಕಿ. ದಪ್ಪ ಇ ತಂತಿಯನ್ನ ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡೀರಿ. ಈಗ ಆ ತಂತಿಯೇ ಒಂದು ನೇರ ಸ್ಕೇಲ್. ಎಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ಮಧ್ಯೆ ಎಷ್ಟು ಗ್ಯಾಪ್ ಇದೆ? 0.25 ಮಿಮೀ ಆಸುಪಾಸು ಇದ್ರೆ ಖುಷಿ ಪಡಿ, ಮುಟ್ಟಬೇಡಿ. ಗ್ಯಾಪೇ ಇಲ್ಲ ಅಂದ್ರೆ ನೆಕ್ ತೀರಾ ನೇರ ಅಥವಾ ಹಿಂದಕ್ಕೆ ಬಾಗಿದೆ, ಮೊದಲ ನಾಲ್ಕೈದು ಫ್ರೆಟ್‌ನಲ್ಲಿ "ಝ್ರ್" ಅನ್ನುತ್ತೆ. ಅರ್ಧ ಮಿಲಿಮೀಟರ್ ಗ್ಯಾಪ್ ಇದ್ರೆ ನೆಕ್ ಬಿಲ್ಲಾಗಿದೆ, ಮಧ್ಯದ ಫ್ರೆಟ್‌ಗಳಲ್ಲಿ ಬೆರಳು ಉರಿಯೋದು ಅದಕ್ಕೇ.

ಗ್ಯಾಪ್ ಜಾಸ್ತಿ ಇದ್ರೆ ಸ್ಟ್ರಿಂಗ್ ಸ್ವಲ್ಪ ಸಡಿಲ ಮಾಡಿ, ಟ್ರಸ್ ರಾಡ್ ನಟ್ಟನ್ನ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಿ. ಗ್ಯಾಪ್ ಕಮ್ಮಿ ಇದ್ರೆ ಉಲ್ಟಾ. ಒಂದು ಸಲಕ್ಕೆ ಕಾಲು ಸುತ್ತು. ಕಾಲು ಸುತ್ತು ಮಾತ್ರ! ಮತ್ತೆ ಟ್ಯೂನ್ ಮಾಡಿ, ಕಾಫಿ ಕುಡಿದು ಬಂದು ಅಳೀರಿ. ಮರಕ್ಕೆ ಸ್ವಲ್ಪ ಟೈಮ್ ಬೇಕು.

ಅಲೆನ್ ಕೀ ಲೂಸಾಗಿ ಕೂತ್ರೆ ತಿರುಗಿಸಲೇಬೇಡಿ, ನಟ್ಟಿನ ಮೂಲೆ ಸವೆದ್ರೆ ಅಲ್ಲಿಗೆ ಮುಗೀತು. ಸರಿಯಾದ ಕೀ ಹಾಕಿಯೂ ತಿರುಗ್ತಿಲ್ಲ ಅಂದ್ರೆ ಜಿಮ್ ಪವರ್ ತೋರಿಸಬೇಡಿ. ಅಲ್ಲಿಗೆ ನಿಲ್ಲಿಸಿ, ಏಳನೇ ಪೋಸ್ಟ್‌ಗೆ ಹೋಗಿ.

5/8

ಬೆರಳು ನೋವಿನ ಅಸಲಿ ವಿಲನ್ ಇಲ್ಲಿದ್ದಾನೆ: ಆಕ್ಷನ್. ಅಂದ್ರೆ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಅನ್ನೋದು.

12ನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ತಂತಿಯ ತಳದವರೆಗೆ ಅಳೀರಿ. 1.5ರಿಂದ 2 ಮಿಮೀ ಒಳಗಿದ್ರೆ ಎಲೆಕ್ಟ್ರಿಕ್ ಗಿಟಾರ್‌ಗೆ ಆರಾಮು. ದಪ್ಪ ತಂತಿ ಕಡೆ ಸ್ವಲ್ಪ ಜಾಸ್ತಿ, ತೆಳು ತಂತಿ ಕಡೆ ಸ್ವಲ್ಪ ಕಮ್ಮಿ. ಮೂರು ಮಿಲಿಮೀಟರ್, ಮೂರೂವರೆ ತೋರಿಸಿದ್ರೆ, ಇಷ್ಟು ದಿನ ನಿಮ್ಮ ಬೆರಳು ಮಾಡ್ತಿದ್ದಿದ್ದು ಹೆಚ್ಚುಕಮ್ಮಿ ಡಬಲ್ ಡ್ಯೂಟಿ. ಅದಕ್ಕೆ "ಟ್ಯಾಲೆಂಟ್ ಇಲ್ಲ" ಅಂತ ಹೆಸರಿಟ್ಟಿದ್ದೀರಿ.

ಸ್ಟ್ರಾಟ್ ಥರದ ಬ್ರಿಡ್ಜ್ ಆಗಿದ್ರೆ ಒಂದೊಂದು ಸ್ಯಾಡಲ್ ಮೇಲೂ ಎರಡು ಪುಟಾಣಿ ಅಲೆನ್ ಸ್ಕ್ರೂ ಇರುತ್ತೆ. ಎರಡನ್ನೂ ಸಮ ತಿರುಗಿಸಿ, ಸ್ಯಾಡಲ್ ಒಂದು ಕಡೆಗೆ ವಾಲಬಾರದು. ಲೆಸ್ ಪಾಲ್ ಥರದ್ದಾಗಿದ್ರೆ ಬ್ರಿಡ್ಜ್‌ನ ಎರಡು ತುದಿಯಲ್ಲಿ ಎರಡು ಚಕ್ರ, ಅಷ್ಟೇ. ಫ್ರೆಟ್‌ಬೋರ್ಡ್ ಅಡ್ಡಡ್ಡವಾಗಿ ಸ್ವಲ್ಪ ಉಬ್ಬಿರುತ್ತೆ, ಹಾಗಾಗಿ ಸ್ಟ್ರಾಟ್‌ನಲ್ಲಿ ಮಧ್ಯದ ತಂತಿಗಳ ಸ್ಯಾಡಲ್ ಅಕ್ಕಪಕ್ಕದ್ದಕ್ಕಿಂತ ಒಂಚೂರು ಮೇಲಿರಬೇಕು. ಆರನ್ನೂ ಒಂದೇ ಮಟ್ಟಕ್ಕೆ ತಂದ್ರೆ ಸಾಲು ಚೆನ್ನಾಗಿ ಕಾಣುತ್ತೆ, ನುಡಿಸೋಕೆ ಚೆನ್ನಾಗಿರಲ್ಲ.

ಈಗ ಒಂದು ಜಗಳದ ವಿಷಯ. ರೀಲ್ಸ್‌ನಲ್ಲಿ "ಅಲ್ಟ್ರಾ ಲೋ ಆಕ್ಷನ್" ಅಂತ ತೋರಿಸ್ತಾರೆ, ಬೆಣ್ಣೆ ಥರ ಅಂತ. ನಾನು ಒಪ್ಪಲ್ಲ. ತೀರಾ ಇಳಿಸಿದ್ರೆ ತಂತಿ ಮುಂದಿನ ಫ್ರೆಟ್‌ಗೆ ತಾಗುತ್ತೆ, ಬೆಂಡ್ ಮಾಡಿದಾಗ ಸ್ವರ ಸತ್ತೇ ಹೋಗುತ್ತೆ. ಜೋರಾಗಿ ರಿದಮ್ ಹೊಡೆಯೋರಿಗೆ 2 ಮಿಮೀ ಸರಿ, ಮೆತ್ತಗೆ ಲೀಡ್ ನುಡಿಸೋರಿಗೆ 1.5 ಸರಿ. ನಿಮ್ಮ ಕೈ ಹೇಗಿದೆಯೋ ಹಾಗೆ. ಯಾರದ್ದೋ ನಂಬರ್ ಕಾಪಿ ಮಾಡೋಕೆ ಇದು ಇಂಟರ್ನಲ್ಸ್ ಅಲ್ಲ.

ಇನ್ನೊಂದು ವಿಷಯ. ಪ್ಲಗ್ ಹಾಕದೆ ನುಡಿಸಿದಾಗ ಸ್ವಲ್ಪ ಜುಂಯ್ ಅಂತ ಕೇಳಿ, ಆಂಪ್‌ನಲ್ಲಿ ಕೇಳಿಸ್ಲಿಲ್ಲ ಅಂದ್ರೆ ಅದು ಸಮಸ್ಯೆನೇ ಅಲ್ಲ. ಬಿಟ್ಟಾಕಿ.

6/8

"ಎಷ್ಟು ಟ್ಯೂನ್ ಮಾಡಿದ್ರೂ ಅಪಸ್ವರ" ಅನ್ನೋರಿಗೆ ಈ ಪೋಸ್ಟ್. ನಿಮ್ಮ ಕಿವಿ ಸರಿಯಾಗಿದೆ. ಖುಷಿ ಪಡಿ.

ತಂತಿಯ ಸರಿ ಅರ್ಧಕ್ಕೆ 12ನೇ ಫ್ರೆಟ್ ಇರುತ್ತೆ. ಅಲ್ಲಿ ಒತ್ತಿದ್ರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಆದ್ರೆ ಒತ್ತಿದಾಗ ತಂತಿ ಸ್ವಲ್ಪ ಹಿಗ್ಗಿ ಸ್ವರ ಏರುತ್ತೆ. ತಂತಿ ದಪ್ಪ ಬದಲಾದ ಹಾಗೆ ಎಷ್ಟು ಏರುತ್ತೆ ಅನ್ನೋದೂ ಬದಲಾಗುತ್ತೆ. ಅದನ್ನ ಸರಿದೂಗಿಸೋಕೇ ಸ್ಯಾಡಲ್ ಹಿಂದೆ ಮುಂದೆ ಹೋಗೋ ವ್ಯವಸ್ಥೆ. ಇದಕ್ಕೆ ಇಂಟೊನೇಷನ್ ಅಂತಾರೆ.

ಮೊದಲು ಖಾಲಿ ತಂತಿ ಟ್ಯೂನ್ ಮಾಡಿ. 12ನೇ ಫ್ರೆಟ್ ಪಟ್ಟಿಯ ನೇರಕ್ಕೆ ಬೆರಳು ಬರೀ ತಾಗಿಸಿ ಹಾರ್ಮೋನಿಕ್ ತೆಗೀರಿ, ಟ್ಯೂನರ್ ನೋಡಿ. ಆಮೇಲೆ ಅದೇ ಫ್ರೆಟ್‌ನಲ್ಲಿ ಮೆತ್ತಗೆ ಒತ್ತಿ ನುಡಿಸಿ, ಮತ್ತೆ ನೋಡಿ. ಒತ್ತಿದ ಸ್ವರ ಮೇಲಿದ್ರೆ ಸ್ಯಾಡಲ್ ಹಿಂದಕ್ಕೆ ತಳ್ಳಿ, ತಂತಿ ಉದ್ದ ಆಗಲಿ. ಕೆಳಗಿದ್ರೆ ನೆಕ್ ಕಡೆಗೆ ತನ್ನಿ. ಪ್ರತಿ ಸಲ ಸರಿಸಿದ ಮೇಲೂ ಟ್ಯೂನ್ ಮಾಡಿ, ಮತ್ತೆ ಚೆಕ್. ಆರು ತಂತಿಗೆ ಅರ್ಧ ಗಂಟೆ ಹಿಡಿಯುತ್ತೆ. ಮುಗಿದಾಗ ಸ್ಯಾಡಲ್‌ಗಳು ಒಂದೇ ಸಾಲಲ್ಲಿ ಇರಲ್ಲ, ಅಂಕುಡೊಂಕು ಮೆಟ್ಟಿಲಿನ ಥರ ಇರುತ್ತೆ. ಅದೇ ಸರಿ.

ಹಳೇ ತುಕ್ಕು ತಂತಿ ಇಟ್ಟುಕೊಂಡು ಇದನ್ನ ಮಾಡಬೇಡಿ, ಟ್ಯೂನರ್ ಮುಳ್ಳು ನಿಲ್ಲೋದೇ ಇಲ್ಲ.

ಕೊನೆಗೆ ಪಿಕಪ್. "ಹತ್ತಿರ ಇದ್ರೆ ಸೌಂಡ್ ಜಾಸ್ತಿ" ಅಂತ ಪೂರ್ತಿ ಮೇಲೆತ್ತಿ ಇಟ್ಟಿರ್ತಾರೆ. ಪಿಕಪ್ ಒಳಗಿರೋದು ಅಯಸ್ಕಾಂತ. ತೀರಾ ಹತ್ತಿರ ಬಂದ್ರೆ ತಂತಿಯನ್ನೇ ಎಳೆಯುತ್ತೆ, ಸ್ವರ ನಡುಗಿದ ಹಾಗೆ ಕೇಳುತ್ತೆ, ಬೇಗ ಸಾಯುತ್ತೆ. ಕೊನೇ ಫ್ರೆಟ್ ಒತ್ತಿ ಹಿಡಿದು ಅಳೀರಿ. ಮಾಮೂಲಿ ಸಿಂಗಲ್ ಕಾಯಿಲ್ ಆಗಿದ್ರೆ ದಪ್ಪ ತಂತಿ ಕಡೆ ಸುಮಾರು 2 ಮಿಮೀ, ತೆಳು ತಂತಿ ಕಡೆ ಸುಮಾರು 1.6 ಮಿಮೀ ಇಟ್ಟು ಶುರು ಮಾಡಿ. ಆಮೇಲೆ ಕಿವಿಗೆ ಬಿಡಿ.

7/8

ಈಗ ಇನ್ನೊಂದು ಕಡೆಯ ಮಾತು. "ಇದೆಲ್ಲ ಮನೇಲಿ ಮಾಡಬಾರದು, ಟೆಕ್ನೀಷಿಯನ್ ಹತ್ರಾನೇ ಕೊಡಬೇಕು" ಅಂತ ಹೇಳೋರಿದ್ದಾರೆ. ಅವರ ಮಾತಲ್ಲಿ ಅರ್ಧ ನಿಜ ಇದೆ.

ನಾನು ಹೇಳಿದ ನಾಲ್ಕು ಕೆಲಸದಲ್ಲೂ ಏನನ್ನೂ ಕತ್ತರಿಸಲ್ಲ, ಉಜ್ಜಲ್ಲ. ಸ್ಕ್ರೂ ತಿರುಗಿಸೋದು ಮಾತ್ರ. ಸರಿ ಬರಲಿಲ್ಲ ಅಂದ್ರೆ ಅಷ್ಟೇ ಹಿಂದಕ್ಕೆ ತಿರುಗಿಸಬಹುದು. ಶುರು ಮಾಡೋ ಮುಂಚೆ ಫೋಟೋ ತೆಗೆದು, ಅಳತೆ ಬರೆದಿಟ್ಟುಕೊಳ್ಳಿ. ಆಮೇಲೆ ಭಯ ಯಾಕೆ?

ಆದ್ರೆ ಇವುಗಳಿಗೆ ಕೈ ಹಾಕಬೇಡಿ:

❌ ನಟ್ ಗಾಡಿ ಆಳ ಮಾಡೋದು. (ಸ್ಪ್ಯಾನರ್ ಹಾಕೋ ನಟ್ ಅಲ್ಲ, ತಲೆ ಹತ್ರ ತಂತಿ ಕೂರೋ ಬಿಳಿ ಪಟ್ಟಿ.) ಒಂದು ಸಲ ಜಾಸ್ತಿ ಉಜ್ಜಿದ್ರೆ ವಾಪಸ್ ಬರಲ್ಲ.
❌ ಫ್ರೆಟ್ ಉಜ್ಜಿ ಲೆವೆಲ್ ಮಾಡೋದು.
❌ ತಿರುಗದ ಟ್ರಸ್ ರಾಡ್, ತಿರುಚಿಕೊಂಡ ನೆಕ್.
❌ ಆಂಪ್ ಒಳಗೆ ಬಿಚ್ಚೋದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು, ಅದರಲ್ಲೂ ವಾಲ್ವ್ ಆಂಪ್‌ಗಳಲ್ಲಿ. ಜೀವಕ್ಕೆ ಅಪಾಯ.

ಇದು ತುಂಬಾ ಮುಖ್ಯ ⚠️ ತಂತಿ ಮುಟ್ಟಿದಾಗ ಜುಮ್ ಅಂತ ಕರೆಂಟ್ ಹೊಡೆದ ಹಾಗಾದ್ರೆ ತಕ್ಷಣ ಸ್ವಿಚ್ ಆಫ್ ಮಾಡಿ. ಹಳೇ ಮನೆಗಳ ಎಷ್ಟೋ ಸಾಕೆಟ್‌ಗಳಲ್ಲಿ ಅರ್ಥಿಂಗ್ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸೋವರೆಗೆ ಆಂಪ್ ಹಾಕಬೇಡಿ. ಅಡ್ಜಸ್ಟ್ ಮಾಡ್ಕೊಂಡು ಹೋಗೋ ವಿಷಯ ಇದಲ್ಲ.

ಈ ಕೆಲಸಗಳಿಗೆ ಬೆಂಗಳೂರಿಗೆ ಹೋಗಲೇಬೇಕು, ಕೇಳಿದ ದುಡ್ಡು ಕೊಡಲೇಬೇಕು. ಅದು ವರ್ಷಗಟ್ಟಲೆ ಕಲಿತ ಕೈ, ಅದಕ್ಕೆ ಬೆಲೆ ಇದೆ. ನನ್ನ ವಾದ ಇಷ್ಟೇ: ಬರೀ ಆಕ್ಷನ್ ಅರ್ಧ ಮಿಲಿಮೀಟರ್ ಇಳಿಸೋಕೆ ಚಿಕ್ಕಬಳ್ಳಾಪುರದಿಂದ ತುಂಬಿ ಬರೋ ಬಸ್ಸಲ್ಲಿ ಗಿಟಾರ್ ಬ್ಯಾಗ್ ತಬ್ಕೊಂಡು ನಿಂತು ಹೋಗಿ, ಒಂದು ದಿನದ ಕ್ಲಾಸ್ ಬಿಟ್ಟು, ಸಾವಿರಾರು ಕೊಡಬೇಕಾಗಿಲ್ಲ. ಹಾಗೆ ಹೋಗೋಕಾಗದೆ ಗಿಟಾರ್ ಮೂಲೆಗೆ ಸೇರೋದು ಇನ್ನೂ ಬೇಡ. ಅಳೆಯೋಕೆ ಕಲಿತರೆ ಇನ್ನೊಂದು ಲಾಭ ಇದೆ. ಅಂಗಡೀಲಿ "ಏನೋ ಸರಿ ಇಲ್ಲ ಸಾರ್" ಅನ್ನೋ ಬದಲು "ರಿಲೀಫ್ 0.25 ಇದೆ, ಆಕ್ಷನ್ 1.8 ಇದೆ, ಆದ್ರೂ ಒಂಬತ್ತನೇ ಫ್ರೆಟ್‌ನಲ್ಲಿ ಮಾತ್ರ ಬಝ್ ಬರುತ್ತೆ" ಅನ್ನಬಹುದು. ಆಗ ಯಾರೂ ಬೇಡದ ಕೆಲಸಕ್ಕೆ ಬಿಲ್ ಹಾಕಲ್ಲ.

8/8

ಒಂದು ಸಲ ಸೆಟ್ ಮಾಡಿದ್ರೆ ಆಯ್ತಾ? ಇಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತೆ ಅಂತ ನಿಮ್ಮ ತುಟಿಗೇ ಗೊತ್ತು. ಮರಾನೂ ಒಣಗುತ್ತೆ. ನೆಕ್ ನೇರ ಆಗ್ತಾ ಹೋಗುತ್ತೆ, ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಕೈಗೆ ಚುಚ್ಚೋಕೆ ಶುರು ಆಗುತ್ತೆ. ಸೆಪ್ಟೆಂಬರ್, ಅಕ್ಟೋಬರ್ ಮಳೇಲಿ ಮರ ನೀರು ಹೀರುತ್ತೆ, ನೆಕ್ ಮತ್ತೆ ಬಾಗುತ್ತೆ. ಹಾಗಾಗಿ ವರ್ಷಕ್ಕೆ ಎರಡು ಸಲ ಅಳೀರಿ, ಬೇಸಿಗೆ ಶುರುವಿಗೆ ಒಂದು, ಮಳೆ ಹಿಡಿದಾಗ ಒಂದು. (ಇದು ಮಾತ್ರ ರೆವೆನ್ಯೂ ಎಕ್ಸ್‌ಪೆಂಡಿಚರ್ 😄) ಸ್ಟ್ರಿಂಗ್ ಸೈಜ್ ಬದಲಾಯಿಸಿದ್ರೂ ಮತ್ತೆ ಮೊದಲಿಂದ. 9ರಿಂದ 10ಕ್ಕೆ ಹೋದ್ರೆ ಎಂಟು ಕೆಜಿ ಎಳೆತ ಜಾಸ್ತಿ ಅಂತ ಆಗಲೇ ನೋಡಿದ್ವಲ್ಲ. ಟ್ರೆಮೊಲೊ ಬ್ರಿಡ್ಜ್ ಇದ್ರೆ ಅದೂ ಮುಂದಕ್ಕೆ ಏಳುತ್ತೆ, ಹಿಂದುಗಡೆ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರೋ ಎರಡು ಸ್ಕ್ರೂ ಬಿಗಿ ಮಾಡಿ. ಗಿಟಾರನ್ನ ಶೀಟ್ ಕೆಳಗಿನ ಅಟ್ಟದ ಮೇಲೆ, ಬಿಸಿಲು ಬೀಳೋ ಕಿಟಕಿ ಪಕ್ಕ ಇಡಬೇಡಿ.

ಫ್ರೆಟ್‌ಬೋರ್ಡ್ ಕಂದು ಬಣ್ಣದ್ದಾಗಿದ್ರೆ ಒಂದ್ಸಲ ಹತ್ರದಿಂದ ನೋಡಿ. ರೋಸ್‌ವುಡ್ ಅಂತ ಬರೆದಿರ್ತಾರಲ್ಲ, ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಬೀಟೆ ಮರ. ಪಶ್ಚಿಮ ಘಟ್ಟದಲ್ಲಿ ಬೆಳೆಯೋ ಮರ ಪ್ರಪಂಚದ ಎಷ್ಟೋ ಗಿಟಾರ್‌ಗಳ ಕುತ್ತಿಗೆ ಮೇಲೆ ಕೂತಿದೆ. ಮರ ನಮ್ಮ ಕಡೆಯದ್ದು ಆಗಬಹುದು, ಅದರ ಮೇಲೆ ಓಡಾಡೋ ಬೆರಳು ಮಾತ್ರ ನಮ್ಮ ಕಡೆಯದ್ದು ಆಗಬಾರದಾ?

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸೋ ಮನೆಗೆ ಹೋಗಿ ನೋಡಿ. ಎಳೆ ಬಿಗಿ ಜಾಸ್ತಿ ಆಯ್ತಾ, ಸಡಿಲ ಆಯ್ತಾ, ಅವರೇ ಕೈ ಇಟ್ಟು ನೋಡಿ ಸರಿ ಮಾಡ್ತಾರೆ. ನೂಲು ಕಿತ್ತು ಹೋದ್ರೆ "ನಂಗೆ ನೇಯ್ಗೆ ಬರಲ್ಲ" ಅಂತ ಮಗ್ಗ ಮಾರಲ್ಲ. ಮೊದಲು ಮಗ್ಗ ನೋಡ್ತಾರೆ.

ನೀವೂ ಮೊದಲು ಗಿಟಾರ್ ನೋಡಿ. ಅಳೀರಿ, ಸೆಟ್ ಮಾಡಿ, ಒಂದು ತಿಂಗಳು ನುಡಿಸಿ. ಆಮೇಲೂ ಇಷ್ಟ ಆಗಲಿಲ್ಲ ಅಂದ್ರೆ ಧೈರ್ಯವಾಗಿ ಮಾರಿ. ಆಗ ಅದು ನಿಮ್ಮ ತೀರ್ಮಾನ ಆಗಿರುತ್ತೆ, ಒಂದು ಸಡಿಲ ಸ್ಕ್ರೂವಿನ ತೀರ್ಮಾನ ಆಗಿರಲ್ಲ. ಸೆಟ್ ಮಾಡಿದ ಗಿಟಾರ್‌ಗೆ ಒಂದು ಸಾವಿರ ಜಾಸ್ತಿನೂ ಕೇಳಬಹುದು, ತಗೊಂಡವರಾದ್ರೂ ಕಲೀತಾರೆ.

ಆವತಿ, ದೇವನಹಳ್ಳಿ, ವಿಜಯಪುರ ಕಡೆಯವರಿಗೆ ಫೀಲರ್ ಗೇಜ್, ಅಲೆನ್ ಕೀ ಬೇಕಿದ್ರೆ ಡಿಎಂ ಮಾಡಿ. ಭಾನುವಾರ ಕೊಡ್ತೀನಿ, ಮುಂದಿನ ಭಾನುವಾರ ವಾಪಸ್ ಬೇಕು. 12ನೇ ಫ್ರೆಟ್ ಹತ್ರ ನಿಮ್ಮ ಗಿಟಾರ್ ಎಷ್ಟು ಮಿಲಿಮೀಟರ್ ತೋರಿಸ್ತು ಅಂತ ಕೆಳಗೆ ಬರೀರಿ. ಮೂರರ ಮೇಲಿದ್ದವರು ಮೊದಲು ಬರಲಿ. 🎸

#ಗಿಟಾರ್ #ಕನ್ನಡದಲ್ಲಿಗಿಟಾರ್ #ಆವತಿ #ದೇವನಹಳ್ಳಿ #ಬಿಕಾಂಲೈಫ್